ಹೆಳವರು ಹೇಳಿದ ನಮ್ಮ ವಂಶ

1964ರಲ್ಲಿ, ಸುಗ್ಗಿ ಮುಗಿದ ಮೇಲಿನ ಒಂದು ಬೆಳಿಗ್ಗೆ, ರಾಜಾಜಿನಗರದ ನಮ್ಮ ಮನೆಯ ಮುಂದೆ ಗಂಟೆಯ ಸದ್ದು ಕೇಳಿಸಿತು. ಹೊರಗೆ ಬಂದು ನೋಡಿದರೆ ಎತ್ತಿನ ಮೇಲೆ ಒಬ್ಬ ವೃದ್ಧರು ಕುಳಿತಿದ್ದರು. ತಲೆಗೆ ದೊಡ್ಡ ರುಮಾಲು. ಸೊಂಟದಿಂದ ಕೆಳಕ್ಕೆ ಕಾಲು ಕಾಣದಂತೆ ಹೊದ್ದ ಕರಿಯ ಕಂಬಳಿ. ಕೋಲೆಬಸವ ಬಂತೆಂದು ಬೀದಿಯ ಹುಡುಗರೆಲ್ಲ ಓಡಿಬಂದೆವು. ಆದರೆ ಈ ಎತ್ತು ತಲೆಯಾಡಿಸಲಿಲ್ಲ, ವೃದ್ಧರು ಓಲಗ ಊದಲೂ ಇಲ್ಲ. ನನ್ನ ತಾತನ ಹೆಸರನ್ನು, ಅವರ ತಂದೆಯ ಹೆಸರನ್ನು, ಅವರ ತಂದೆಯ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ, "ಆ ಮನೆತನದ ಕವಲು ಇದೇ ತಾನೆ?" ಎಂದು ಕೇಳಿದರು.

ಆ ಬೀದಿಯಲ್ಲಿ ಅಂಥ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಿದ್ದಿಲ್ಲ. ರಾಜಾಜಿನಗರ ಆಗ ಹೊಸ ಊರು. 1949ರಲ್ಲಿ ಕೈಗಾರಿಕಾ ಬಡಾವಣೆಯೆಂದು ಆರಂಭವಾಗಿ, ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತು, ಕಾರ್ಖಾನೆಯ ಸೈರನ್ನಿಗೆ ಎದ್ದು ಸೈರನ್ನಿಗೆ ಮಲಗುತ್ತಿದ್ದ ಊರು. ನಮ್ಮ ಎಡಗಡೆಯ ಮನೆಯಲ್ಲಿ ತಮಿಳು, ಬಲಗಡೆಯಲ್ಲಿ ಮರಾಠಿ, ಎದುರಿಗೆ ಧಾರವಾಡದ ಕನ್ನಡ. ಯಾರು ಯಾವ ಪಾಳಿಯಲ್ಲಿ ಕೆಲಸಕ್ಕೆ ಹೋಗುತ್ತಾರೆಂಬುದು ಎಲ್ಲರಿಗೂ ಗೊತ್ತು. ಯಾರ ಮುತ್ತಾತ ಯಾರೆಂಬುದು ಒಬ್ಬರಿಗೂ ಗೊತ್ತಿಲ್ಲ. ಅಂಥ ಕಡೆ ಒಬ್ಬ ಅಪರಿಚಿತರು ನಮ್ಮ ಮನೆಯ ಮೂರು ತಲೆಗಳನ್ನು ಬಾಗಿಲಲ್ಲೇ ನಿಂತು ಎಣಿಸಿದಾಗ ನನಗೆ ಆದ ಬೆರಗನ್ನು ಹೇಳಲಾರೆ. ಕೆಂಗೇರಿ ಹೋಬಳಿಯ ನಮ್ಮ ಹಳ್ಳಿಗೆ ಹೋಗಿ, ಅಲ್ಲಿ ವಿಚಾರಿಸಿ, ಮೈಸೂರು ರಸ್ತೆಯನ್ನು ಹಿಡಿದು, ನಮ್ಮ ತಂದೆ ಕೆಲಸಮಾಡುತ್ತಿದ್ದ ಕಾರ್ಖಾನೆಯ ಗೇಟಿನಲ್ಲಿ ಕೇಳಿಕೊಂಡು ಅವರು ಬಂದಿದ್ದರು.

ಅಜ್ಜಿ ಒಳಗಿನಿಂದ ಬಂದು, "ಹೆಳವಪ್ಪ ಬಂದವ್ರೆ, ಚಾಪೆ ಹಾಸು ಮಗ" ಎಂದಳು. ಅವರು ಎತ್ತಿನಿಂದ ಇಳಿದಾಗ ನನಗೊಂದು ನಿರಾಶೆಯಾಯಿತೆಂಬುದನ್ನೂ ಹೇಳಿಬಿಡಬೇಕು: ಅವರಿಗೆ ಎರಡು ಕಾಲುಗಳೂ ನೆಟ್ಟಗಿದ್ದವು.

ಹೆಳವ ಎಂದರೆ ಕುಂಟ. ಆ ಜನಾಂಗದ ಮೂಲಪುರುಷ ನಡೆಯಲಾರದವನಾಗಿದ್ದನೆಂದೂ, ಅವನಿಗೆ ಎತ್ತೇ ಕಾಲಾಯಿತೆಂದೂ ಕಥೆ. ಅದರ ನೆನಪಿಗಾಗಿ ಎತ್ತಿನ ಮೇಲೆ ಕುಳಿತು ಕಾಲನ್ನು ಕಂಬಳಿಯಿಂದ ಮರೆಮಾಡಿಕೊಂಡು ಊರಿಗೆ ಬರುತ್ತಾರೆ. ಎಡ್ಗರ್ ಥರ್ಸ್ಟನ್ ಎಂಬ ಆಂಗ್ಲ ವಿದ್ವಾಂಸರು 1909ರಲ್ಲಿ ಪ್ರಕಟಿಸಿದ, ದಕ್ಷಿಣ ಭಾರತದ ಜಾತಿಗಳನ್ನು ಕುರಿತ ಏಳು ಸಂಪುಟಗಳ ಗ್ರಂಥದಲ್ಲಿ ಹೆಳವರನ್ನು ಗ್ರಾಮಚರಿತ್ರೆಯ ಕಾವಲುಗಾರರೆಂದೇ ಪರಿಚಯಿಸಿದ್ದಾರೆ. ಅವರು ಮನೆಮನೆಗೆ ಹೋಗಿ ಆ ಮನೆತನದ ಚರಿತ್ರೆಯನ್ನೂ, ಕಾಳಗದಲ್ಲಿ ಮಡಿದ ವೀರರ ಹೆಸರುಗಳನ್ನೂ ಹೇಳುತ್ತಾರೆಂದು ಅಲ್ಲಿದೆ. ಶಾಸನ ಬರೆಸಲು ಅರಸನಾಗಬೇಕು. ಕೊನೆಯಪಕ್ಷ ದತ್ತಿ ಬಿಡುವಷ್ಟು ಭೂಮಿಯಾದರೂ ಇರಬೇಕು. ನೇಗಿಲು ಹಿಡಿದವನ ಹೆಸರನ್ನು ತಲೆಮಾರುಗಳ ಆಚೆಗೆ ಒಯ್ದವರು ಕನ್ನಡನಾಡಿನಲ್ಲಿ ಬಹುಮಟ್ಟಿಗೆ ಈ ಹೆಳವರೇ. ಮೊದಲು ಬಾಯಿಪಾಠ, ತಾಳೆಗರಿ, ತಾಮ್ರಪಟ. ಆಮೇಲೆ ಕಾಗದದ ಹೊತ್ತಗೆ. ಅವರ ಕುಟುಂಬಗಳಲ್ಲಿ ಊರುಗಳು ಪಾಲಾಗಿರುತ್ತವೆ. ಒಬ್ಬನ ಪಾಲಿನ ಒಕ್ಕಲಿಗೆ ಇನ್ನೊಬ್ಬ ಹೋಗುವಂತಿಲ್ಲ. ಕೆಲವು ವರ್ಷಗಳಿಗೊಮ್ಮೆ ಬಂದು, ಹಳೆಯದನ್ನು ಓದಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿ, ದವಸವನ್ನೋ ಬಟ್ಟೆಯನ್ನೋ ಹಣವನ್ನೋ ಪಡೆದು ಹೋಗುತ್ತಾರೆ. ಕೈ ಧಾರಾಳವಾಗಿದ್ದ ಕಾಲದಲ್ಲಿ ಹಸುವನ್ನು ಕೊಟ್ಟವರೂ ಇದ್ದರು.

ಆ ದಿನ ನಮ್ಮ ಹೆಳವರು ಓದಿದ್ದು ಸುಮಾರು ಒಂದು ಗಂಟೆ. ಮೊದಲು ಮೂಲಸ್ಥಳ, ಮನೆದೇವರು, ಕುಲದ ಬೆಡಗು. ನಾವು ಮೊರಸು ಒಕ್ಕಲಿನವರಾದ್ದರಿಂದ ಕಥೆ ಕಂಚಿಯ ಕಡೆಯಿಂದ ಆರಂಭವಾಯಿತು. ರಣಭೈರೇಗೌಡ ಮತ್ತು ಅವನ ಬಂಧುಗಳು ತಮ್ಮ ಮನೆಯ ಹೆಣ್ಣಿನ ಮೇಲೆ ಕಣ್ಣಿಟ್ಟ ಒಬ್ಬ ಅಧಿಕಾರಿಯಿಂದ ತಪ್ಪಿಸಿಕೊಂಡು, ಬಂಡಿ ಕಟ್ಟಿಕೊಂಡು, ಹೊಳೆ ದಾಟಿ, ದೇವನಹಳ್ಳಿಯ ಬಳಿಯ ಆವತಿಗೆ ಬಂದು ನೆಲಸಿದ ಐತಿಹ್ಯವದು. 1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿದ ಕೆಂಪೇಗೌಡರ ಮನೆತನವೂ ಈ ಐತಿಹ್ಯಕ್ಕೇ ಬಂದು ಸೇರುತ್ತದೆ. ಚರಿತ್ರಕಾರರು ಇದನ್ನು ಜರಡಿ ಹಿಡಿಯುತ್ತಾರೆ. ನಮ್ಮ ಅಜ್ಜಿಗೆ ಆ ಜರಡಿ ಬೇಕಿರಲಿಲ್ಲ. ಹೊಳೆ ಇಬ್ಭಾಗವಾಗಿ ದಾರಿ ಬಿಟ್ಟ ಪ್ರಸಂಗ ಬಂದಾಗ ಕೈಮುಗಿದಳು.

ಆಮೇಲೆ ನಿಜವಾದ ವಂಶಾವಳಿ ಬಂತು. ಇಂಥವನ ಮಗ ಇಂಥವನು, ಇಂಥ ಊರಿನಿಂದ ಹೆಣ್ಣು ತಂದ, ಇಷ್ಟು ಗಂಡುಮಕ್ಕಳು, ಹಿರಿಯನದು ಇಲ್ಲಿ, ಕಿರಿಯನ ಕವಲು ಅಲ್ಲಿ. ನಡುನಡುವೆ ಒಬ್ಬೊಬ್ಬರಿಗೆ ಒಂದೊಂದು ಮಾತಿನ ಬಿರುದು. ಒಬ್ಬ ಹಿರಿಯರು "ಕೆರೆಯ ಏರಿಯಲ್ಲಿ ಹುಲಿಗೆ ಸಿಕ್ಕಿದವರು". ತಾತನ ತಾತ "ಕಬ್ಬಿಣದ ದಾರಿಗೆ ಮಣ್ಣು ಹೊತ್ತವರು". ಆ ದಾರಿ ಮುಗಿದು ರೈಲು ಓಡಾಡತೊಡಗಿದ ಮೇಲೆ ಸಾಯುವವರೆಗೂ ಅದನ್ನು ಹತ್ತಲಿಲ್ಲವಂತೆ. ಮಣ್ಣು ಎಷ್ಟು ಗಟ್ಟಿಯಾಗಿದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿದ್ದೀತು! ತಾತನ ತಮ್ಮ ನಾಟಕದ ಕಂಪನಿಯೊಂದರ ಹಿಂದೆ ಓಡಿಹೋಗಿ ಹೆಣ್ಣಿನ ಪಾತ್ರ ಹಾಕಿ, ಒಂಬತ್ತು ವರ್ಷದ ಮೇಲೆ ಉದ್ದನೆಯ ಕೂದಲಿನೊಡನೆ ಹಿಂದಿರುಗಿದವರು. ಹೊಲದ ಬದುವಿನಲ್ಲಿ ಹಾಡುತ್ತ ನಿಂತರೆ ಆಳುಗಳು ಕೆಲಸ ಬಿಡುತ್ತಿದ್ದರೆಂದು ಹೊಲಕ್ಕೇ ಅವರನ್ನು ಬಿಡುತ್ತಿರಲಿಲ್ಲವಂತೆ. ಹೆಳವರ ಹೊತ್ತಗೆಯಲ್ಲಿ ಅವರ ಪಾಲಿಗೆ ಸಿಕ್ಕಿದ್ದು "ವೇಷದವರು, ಸಂತಾನವಿಲ್ಲ" ಎಂಬ ಎರಡು ಮಾತು ಮಾತ್ರ.

ನಮ್ಮ ತಾಯಿಯ ಕಡೆಯವರ ಚರಿತ್ರೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅವರ ಮನೆಯಲ್ಲಿ ಒಂದು ತುಕ್ಕು ಹಿಡಿದ ಕತ್ತಿಯಿದೆ. ಆದ್ದರಿಂದ ಒಬ್ಬ ಪಾಳೆಯಗಾರನೂ ಇದ್ದಾನೆ. ಬೆಂಗಳೂರಿನ ಸುತ್ತಮುತ್ತ ವಿಚಾರಿಸಿದರೆ ಎಲ್ಲ ಮನೆಗಳಲ್ಲೂ ಒಬ್ಬ ದಳವಾಯಿಯೋ ಪಾಳೆಯಗಾರನೋ ಇದ್ದೇ ಇರುತ್ತಾನೆ. ಎಮ್ಮೆ ಕಾಯುತ್ತಿದ್ದವರು ಸಂತಾನವಿಲ್ಲದೆ ತೀರಿಕೊಂಡಿರಬೇಕು.

ಈ ಹೆಮ್ಮೆಗೆ ಒಂದು ಸಣ್ಣ ಲೆಕ್ಕ ಸಾಕಾದೀತು. ನಮಗೆ ತಂದೆತಾಯಿಗಳು ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ತಂದೆತಾಯಿಗಳು ಎಂಟು ಮಂದಿ. ಹೀಗೆ ಇಮ್ಮಡಿಸುತ್ತ ಹೋದರೆ ಹತ್ತನೆಯ ತಲೆಮಾರಿನಲ್ಲಿ 1,024 ಜನ. ತಲೆಮಾರಿಗೆ ಮೂವತ್ತು ವರ್ಷ ಹಿಡಿದರೆ ಕೆಂಪೇಗೌಡರ ಕಾಲ ಹದಿನಾರು ತಲೆಮಾರಿನ ಆಚೆಗಿದೆ; ಅಲ್ಲಿ ನಮ್ಮ ಒಬ್ಬೊಬ್ಬರಿಗೂ 65,536 ಮಂದಿ ಪೂರ್ವಜರಿರಬೇಕು. ವಂಶಾವಳಿ ಹೇಳುವುದು ಅದರಲ್ಲಿ ಒಬ್ಬನ ಹೆಸರನ್ನು. ತಂದೆಯ ತಂದೆಯ ತಂದೆ ಎಂಬ ಒಂದೇ ಎಳೆಯನ್ನು ಹಿಡಿದು ಹೋಗಿ, ಇದೇ ನಮ್ಮ ವಂಶ ಎಂದು ನಿಲ್ಲುತ್ತೇವೆ. ಮಿಕ್ಕ 65,535 ಮಂದಿಯೂ ನಮ್ಮನ್ನು ಹುಟ್ಟಿಸಲು ಅಷ್ಟೇ ಅಗತ್ಯವಾಗಿದ್ದವರು.

ನಮ್ಮ ಕಡೆ ಈ ಲೆಕ್ಕ ಪೂರ್ತಿ ಸರಿಹೋಗುವುದಿಲ್ಲ ಎಂಬುದೂ ನಿಜ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಪದ್ಧತಿಯಿಂದಾಗಿ ಮರದ ಕೊಂಬೆಗಳು ಹಿಂದಕ್ಕೆ ಬಾಗಿ ಬುಡವನ್ನೇ ಸೇರುತ್ತವೆ. ಅಂಥ ಮದುವೆಯಲ್ಲಿ ಹುಟ್ಟಿದ ಮಗುವಿಗೆ ತಂದೆಯ ತಂದೆಯೇ ತಾಯಿಯ ತಾತನೂ ಆಗಿರುತ್ತಾನೆ. ಒಬ್ಬನೇ ಮನುಷ್ಯ ಅಜ್ಜನೂ ಹೌದು, ಮುತ್ತಜ್ಜನೂ ಹೌದು. ಹೀಗಾಗಿ 65,536 ಜಾಗಗಳಿಗೆ ಅಷ್ಟು ಜನ ಬೇಕಾಗಿಲ್ಲ. ಆದರೂ ನಾವು ತಿಳಿದುಕೊಂಡಷ್ಟು ಕಡಿಮೆ ಜನವೂ ಅಲ್ಲ, ಒಂದೇ ಬಗೆಯ ಜನವೂ ಅಲ್ಲ. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಅಮೆರಿಕದ ವಿಜ್ಞಾನಿಗಳೊಡನೆ ಸೇರಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಈ ದೇಶದ ಬೇರೆಬೇರೆ ಮೂಲದ ಜನ ಧಾರಾಳವಾಗಿ ಬೆರೆತರು. ಜಾತಿಯೊಳಗೇ ಮದುವೆಯಾಗುವ ಕಟ್ಟು ಬಿಗಿಯಾದದ್ದು ಅನಂತರ. ಕಟ್ಟು ಬಿಗಿಯಾದ ಮೇಲೂ ಅದರಲ್ಲಿ ಸಂದುಗಳಿದ್ದವು. ನಮ್ಮ ಮನೆಯ ಒಂದು ಸಂದಿನ ವಿಷಯವನ್ನೇ ನಾನು ಈ ಹೊತ್ತು ಹೇಳಹೊರಟಿರುವುದು.

ಅದಕ್ಕೆ ಮುಂಚೆ ಅಜ್ಜಿಯ ಅಜ್ಜಿಯ ಸಂಗತಿ. ಅವರ ಬಲಗೈಯ ಉಂಗುರದ ಬೆರಳಿಗೂ ಕಿರುಬೆರಳಿಗೂ ತುದಿಯ ಗೆಣ್ಣುಗಳಿರಲಿಲ್ಲ. ಮೊರಸು ಒಕ್ಕಲಿನಲ್ಲಿ ಬೆರಳು ಕೊಡುವವರೆಂಬ ಒಂದು ಪಂಗಡವಿತ್ತು. ಹಿರಿಯ ಮಗಳಿಗೆ ಕಿವಿ ಚುಚ್ಚುವ ಮುನ್ನ ತಾಯಿಯಾದವಳು ಈ ಎರಡು ಬೆರಳುಗಳ ತುದಿಯನ್ನು ಒಪ್ಪಿಸಬೇಕು. ಉಳಿಯಿಂದ ಒಂದೇ ಏಟು. ಇದಕ್ಕೆ ಹೇಳುವ ಕಥೆ ಭಸ್ಮಾಸುರನದು. ಅವನಿಂದ ತಪ್ಪಿಸಿಕೊಂಡು ಶಿವನು ಹೊಲವೊಂದರಲ್ಲಿ ಅವಿತುಕೊಂಡ. ಉಳುತ್ತಿದ್ದ ಒಕ್ಕಲಿಗ ಬಾಯಲ್ಲಿ "ಕಾಣೆ" ಎಂದು, ಬೆರಳಿನಿಂದ ಜಾಗವನ್ನು ತೋರಿಸಿಬಿಟ್ಟ. ಆಮೇಲೆ ಶಿವನು ಆ ಬೆರಳನ್ನು ಕತ್ತರಿಸಹೊರಟಾಗ ಬುತ್ತಿ ತಂದಿದ್ದ ಹೆಂಡತಿ, "ನೇಗಿಲು ಹಿಡಿಯುವ ಕೈ ಹೋದರೆ ಮಕ್ಕಳಿಗೆ ಅನ್ನ ಹೋಗುತ್ತದೆ, ಅವನದೊಂದಕ್ಕೆ ನನ್ನವೆರಡು ತೆಗೆದುಕೋ" ಎಂದಳು. ಕೋಲಾರದ ಸೀತಿಬೆಟ್ಟದ ಗುಡಿಗೂ ಈ ಕಥೆಗೂ ನಂಟಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸ್ ಇದನ್ನು ದಾಖಲಿಸಿದ್ದಾರೆ. ಸರ್ಕಾರ ಪದ್ಧತಿಯನ್ನು ನಿಷೇಧಿಸಿದ ಮೇಲೆ ಬೆರಳಿಗೆ ಬಂಗಾರದ ತಂತಿಯನ್ನು ಸುತ್ತಿ, ಬೆರಳಿನ ಬದಲು ತಂತಿಯನ್ನು ತೆಗೆದು ಕೊಡುವುದು ರೂಢಿಯಾಯಿತು. ಗಂಡನ ತಪ್ಪಿಗೆ ಹೆಂಡತಿಯ ಬೆರಳು ಹೋದ ಈ ಕಥೆಯನ್ನು ನಮ್ಮ ಅಜ್ಜಿ ಹೆಮ್ಮೆಯಿಂದಲೇ ಹೇಳುತ್ತಿದ್ದಳು. ಮೂರು ಬೆರಳಿನಲ್ಲಿ ಅವರು ಕಟ್ಟುತ್ತಿದ್ದ ಮುದ್ದೆಯಷ್ಟು ನುಣ್ಣಗೆ ಐದು ಬೆರಳಿನವರು ಕಟ್ಟಲಾರರು ಎಂದೂ ಸೇರಿಸುತ್ತಿದ್ದಳು.

ಹೀಗೆ ಎಲ್ಲವನ್ನೂ ಹೇಳುತ್ತಿದ್ದ ಅಜ್ಜಿ, ಹೆಳವರು ಒಂದು ಸಾಲನ್ನು ಓದುವ ಹೊತ್ತಿಗೆ ಎದ್ದು ಒಳಗೆ ಹೋದದ್ದು ನನಗೆ ನೆನಪಿದೆ. ತಾತನ ತಂದೆಯ ಸರದಿ ಬಂದಿತ್ತು. ಉಳಿದೆಲ್ಲರಿಗೂ ಇಂಥ ಊರಿನ ಇಂಥವರ ಮಗಳನ್ನು ತಂದರೆಂದು ಓದಿದ ಹೆಳವರು, ಇವರಿಗೆ ಮಾತ್ರ "ಮಾಗಡಿ ಸೀಮೆಯಿಂದ ಹೆಣ್ಣು ತಂದರು" ಎಂದಷ್ಟೇ ಹೇಳಿ ಮುಂದಕ್ಕೆ ಹೋದರು. ಊರಿಲ್ಲ, ತಂದೆಯ ಹೆಸರಿಲ್ಲ. ಹನ್ನೊಂದು ವರ್ಷದ ಹುಡುಗನಿಗೆ ಅದು ಹೊಳೆಯಲಿಲ್ಲ. ಹೊಳೆದದ್ದು 1972ರಲ್ಲಿ. ಬಿ.ಎ. ತರಗತಿಯಲ್ಲಿ ಚರಿತ್ರೆ ಓದುತ್ತಿದ್ದ ಉತ್ಸಾಹದಲ್ಲಿ ಮನೆಯ ವಂಶವೃಕ್ಷವನ್ನು ಕಾಗದದ ಮೇಲೆ ಬರೆಯಲು ಕುಳಿತೆ. ಒಂದು ಖಾನೆ ಖಾಲಿ ಉಳಿಯಿತು. ಅಜ್ಜಿಯನ್ನು ಕೇಳಿದೆ. ಅವಳು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ನಮ್ಮತ್ತೆ ಧಾತು ಬರದ ಕೂಸು ಕಣಪ್ಪ. ಬರೀಬೇಡ" ಎಂದಳು.

ಧಾತು ಬರವೆಂದರೆ 1876-78ರ ಮಹಾಕ್ಷಾಮ. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಹೆಸರಿನಲ್ಲಿ ನಮ್ಮ ಜನ ಅದನ್ನು ನೆನೆಯುತ್ತಾರೆ. ಮೈಸೂರು ಸಂಸ್ಥಾನದ ಮೊದಲ ಜನಗಣತಿ 1871ರಲ್ಲಿ ನಡೆದಾಗ ಜನಸಂಖ್ಯೆ 50,55,412. ಹತ್ತು ವರ್ಷದ ಮೇಲೆ, 1881ರಲ್ಲಿ, 41,86,188. ಬೆಳೆಯಬೇಕಾಗಿದ್ದ ಸಂಖ್ಯೆಯಲ್ಲಿ 8,69,224 ಕಡಿಮೆ. ಆರು ಜನರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಲೆಕ್ಕದಿಂದ ಅಳಿಸಿಹೋಗಿದ್ದರು. ಪಕ್ಕದ ಮದರಾಸು ಪ್ರಾಂತದ ಕಾಮಗಾರಿಗಳಲ್ಲಿ ಸರ್ ರಿಚರ್ಡ್ ಟೆಂಪಲ್ ಅವರು 1877ರ ಆರಂಭದಲ್ಲಿ ಗೊತ್ತುಮಾಡಿದ ಕೂಲಿ, ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಿಷ್ಟು ಚಿಲ್ಲರೆ ಕಾಸು. ಒಂದು ಪೌಂಡೆಂದರೆ ಅರ್ಧ ಕಿಲೋಗಿಂತ ಕಡಿಮೆ. ಆ ಕಾಲದ ವೃತ್ತಾಂತವನ್ನು ವಿಲಿಯಂ ಡಿಗ್ಬಿ ಎಂಬ ಪತ್ರಕರ್ತರು 1878ರಲ್ಲಿ ಎರಡು ಸಂಪುಟಗಳಲ್ಲಿ ಬರೆದರು. ನಾನು ಅದನ್ನು ಪೂರ್ತಿಯಾಗಿ ಓದಲು ಎರಡು ಸಲ ಪ್ರಯತ್ನಿಸಿದ್ದೇನೆ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುದಾರಿಗೆ ಮಣ್ಣು ಬಿದ್ದದ್ದು ಆ ಬರದಲ್ಲಿ. ಹಸಿದವರಿಗೆ ಕೆಲಸ ಕೊಡುವ ಕಾಮಗಾರಿಯೆಂದು ಅದನ್ನು ಕೈಗೊಂಡರು. 1881ರಲ್ಲಿ ರಾಮನಗರದವರೆಗೆ, 1882ರಲ್ಲಿ ಮೈಸೂರಿನವರೆಗೆ ಗಾಡಿ ಓಡಿತು. ಇಂದು ಕೆಂಗೇರಿ, ಬಿಡದಿಗಳನ್ನು ಹಾದು ಹೋಗುವವರು ಕಿಟಕಿಯಿಂದ ನೋಡುವ ಆ ಏರಿಯನ್ನು ಬುಟ್ಟಿಬುಟ್ಟಿಯಾಗಿ ಹೊತ್ತು ಹಾಕಿದವರು ಎಲ್ಲೆಲ್ಲಿಂದಲೋ ನಡೆದು ಬಂದ ಜನ. ನಮ್ಮ ತಾತನ ತಾತ ಅಲ್ಲಿ ಒಂದು ಗುಂಪಿಗೆ ಮೇಸ್ತ್ರಿಯಾಗಿದ್ದರು. ಒಂದು ಸಂಜೆ ಕೆಲಸ ಮುಗಿಸಿ ಮನೆಗೆ ಬಂದಾಗ ಅವರ ಹೆಗಲ ಮೇಲೆ ನಾಲ್ಕೈದು ವರ್ಷದ ಒಂದು ಹೆಣ್ಣುಮಗು ಇತ್ತಂತೆ. ಗುಂಪಿನಲ್ಲಿ ಮಣ್ಣು ಹೊರುತ್ತಿದ್ದ ತಾಯಿ ಎರಡು ದಿನದ ಹಿಂದೆ ಸತ್ತಿದ್ದಳು. ಮಗು ಅವಳ ಬುಟ್ಟಿಯನ್ನು ಬಿಟ್ಟು ಕದಲಿರಲಿಲ್ಲ. "ನಾಳೆ ಯಾರಾದರೂ ಬಂದು ಕೇಳಿದರೆ ಕೊಡೋಣ" ಎಂದು ಮನೆಯಲ್ಲಿ ಬಿಟ್ಟರು. ಯಾರೂ ಬರಲಿಲ್ಲ. ಆಗ ಅಂಥ ಮಕ್ಕಳು ಎಷ್ಟೋ ಮಂದಿ. ಕೆಲವರನ್ನು ಮಿಷನರಿಗಳ ಅನಾಥಾಲಯಗಳು ಸಾಕಿದವು. ಉಳಿದವರಲ್ಲಿ ಯಾರು ಯಾರ ಮನೆಯ ಹಿತ್ತಿಲಲ್ಲಿ ಬೆಳೆದರೋ ಯಾವ ಸಂಪುಟದಲ್ಲೂ ಬರೆದಿಲ್ಲ. ಮಗುವಿಗೆ ತನ್ನ ಹೆಸರು ಗೊತ್ತಿತ್ತೇ ಎಂದು ಅಜ್ಜಿಯನ್ನು ಕೇಳಿದೆ. "ಇದ್ದಿರಬೌದು. ನಮ್ಮವರು ಮನೆದೇವರ ಹೆಸರಿಟ್ಟು ಕೂಗಿದರು. ಕೂಗಿ ಕೂಗಿ ಅದೇ ಆಯ್ತು" ಎಂದಳು.

ಆ ಮಗು ತನ್ನ ಹಿಂದಿನ ಬದುಕಿನಿಂದ ತಂದದ್ದು ಒಂದೇ ಒಂದು. ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ "ಲಾಭ" ಎನ್ನುವುದು ನಮ್ಮಲ್ಲಿ ಎಲ್ಲರ ವಾಡಿಕೆ. ಅವರು "ಲಾಭ" ಎಂದು ಆರಂಭಿಸಿ, "ರೆಂಡು, ಮೂಡು, ನಾಲುಗು" ಎಂದು ಮುಂದುವರಿಯುತ್ತಿದ್ದರಂತೆ. ಮಿಕ್ಕ ಮಾತೆಲ್ಲ ಕನ್ನಡ. ಎಣಿಕೆ ಮಾತ್ರ ತೆಲುಗು. ಸೊಸೆಯಾಗಿ ಬಂದ ಅಜ್ಜಿಗೂ ಅದೇ ಅಂಟಿತು. ಅಜ್ಜಿಯಿಂದ ನಮ್ಮ ತಂದೆಗೆ. ರಾಜಾಜಿನಗರದ ಮನೆಯಲ್ಲಿ ಸಂಬಳದ ನೋಟುಗಳನ್ನು ನಮ್ಮ ತಂದೆ "ಲಾಭ, ರೆಂಡು, ಮೂಡು" ಎಂದೇ ಎಣಿಸುತ್ತಿದ್ದರು. ಕಾರ್ಖಾನೆಯಲ್ಲಿ ಕಲಿತದ್ದಿರಬೇಕೆಂದು ನಾನು ತಿಳಿದಿದ್ದೆ. ಸತ್ತ ಒಬ್ಬ ಕೂಲಿ ಹೆಂಗಸಿನಿಂದ ಹೊರಟ ಮೂರು ಪದಗಳು ಹೀಗೆ ನಾಲ್ಕು ತಲೆಮಾರನ್ನು ದಾಟಿ ಬಂದಿದ್ದವು.

ಅಥವಾ ಹಾಗೆ ನಂಬಲು ನನಗೆ ಇಷ್ಟ. ಚರಿತ್ರೆ ಓದಿದವನಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಎಣಿಕೆ ತೆಲುಗಾದ ಮಾತ್ರಕ್ಕೆ ಆ ತಾಯಿ ಬಳ್ಳಾರಿಯ ಕಡೆಯವಳೋ ಕಡಪದ ಕಡೆಯವಳೋ ಎಂದು ತೀರ್ಮಾನಿಸುವಂತಿಲ್ಲ. ಕೋಲಾರದ ಸೀಮೆಯಲ್ಲೇ ತೆಲುಗು ಮನೆಮಾತಾದವರು ಬೇಕಾದಷ್ಟಿದ್ದಾರೆ. ಮೊರಸು ಒಕ್ಕಲಿನಲ್ಲೇ ಕನ್ನಡದವರೂ ಇದ್ದಾರೆ, ತೆಲುಗಿನವರೂ ಇದ್ದಾರೆ. ಭಾಷೆಯಿಂದ ಜಾತಿ ತಿಳಿಯುವುದಿಲ್ಲ, ಜಾತಿಯಿಂದ ಊರು ತಿಳಿಯುವುದಿಲ್ಲ. ಆ ಮಗು ಯಾರದು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಅದನ್ನು ಒಪ್ಪಿಕೊಳ್ಳಲು ನಮ್ಮ ಮನೆಯವರಿಗೆ ನೂರು ವರ್ಷ ಸಾಲಲಿಲ್ಲ.

ಮನೆಯಲ್ಲೇ ಬೆಳೆದ ಆ ಹುಡುಗಿಯನ್ನು ಮುಂದೆ ಆ ಮನೆಯ ಎರಡನೆಯ ಮಗನಿಗೇ ತಂದುಕೊಂಡರು. ಅದು ಹೇಗೆ ಸಾಧ್ಯವಾಯಿತು ಎಂಬುದರಲ್ಲಿ ನಮ್ಮ ಹಿರಿಯರ ಜಾಣತನ ಕಾಣುತ್ತದೆ. ಮಾಗಡಿ ಸೀಮೆಯಲ್ಲಿ ಬೇರೆ ಬೆಡಗಿಗೆ ಸೇರಿದ, ಮಕ್ಕಳಿಲ್ಲದ ಒಬ್ಬ ನಂಟರಿದ್ದರು. ಮದುವೆಗೆ ಒಂದು ವರ್ಷ ಮುಂಚೆ ಹುಡುಗಿಯನ್ನು ಅವರ ಮನೆಗೆ ಕಳುಹಿಸಿದರು. ಅಲ್ಲಿ ಆ ದಂಪತಿಗಳು ಅವಳನ್ನು ಮಗಳೆಂದು ಇಟ್ಟುಕೊಂಡು ಧಾರೆ ಎರೆದು ಕೊಟ್ಟರು. ಧಾರೆ ಎರೆದವರ ಬೆಡಗು ಹುಡುಗಿಯ ಬೆಡಗಾಯಿತು; ಅವರ ಮನೆ ತವರಾಯಿತು; ಮಡಿಲಕ್ಕಿ ಅಲ್ಲಿಂದಲೇ ಬಂತು. ಆದ್ದರಿಂದ ಹೆಳವರು ಓದಿದ್ದು ಸುಳ್ಳೆಂದು ಹೇಳಲಾರೆ. ಊರೇ ಕೂತು ಊಟಮಾಡಿ ಒಪ್ಪಿದ ಮದುವೆಯದು. ಅಂದು ಒಪ್ಪಿದ ಜನರಿಗಿದ್ದ ಧೈರ್ಯ, ಅದನ್ನು ಮುಚ್ಚಿಟ್ಟ ನಮಗೆ ಇರಲಿಲ್ಲ. ಅತ್ತೆ ಬದುಕಿರುವತನಕ ಹಳ್ಳಿಯಲ್ಲಿ ಯಾರೂ ಅವರ ಮುಂದೆ ಆ ಮಾತು ಎತ್ತಲಿಲ್ಲವೆಂದು ಅಜ್ಜಿ ಹೇಳಿದಳು. ಅತ್ತೆ ಮಾತ್ರ ಯಾವ ಕಾಲದಲ್ಲೂ ರೈಲುದಾರಿಯ ಏರಿಯ ಕಡೆಗೆ ಸೌದೆಗೆ ಹೋಗುತ್ತಿರಲಿಲ್ಲವಂತೆ. 1941ರಲ್ಲಿ ತೀರಿಕೊಂಡರು.

ಅಜ್ಜಿ ಹೋದ ಮೇಲೆ ನಾನು ಆ ಮಗುವಿನ ಜಾಡನ್ನು ಹುಡುಕಿದ್ದುಂಟು. ಶಾನುಭೋಗರ ಕಡತದಲ್ಲಿ ಭೂಮಿಯ ಕಂದಾಯವಿದೆ, ಕೂಸುಗಳ ಲೆಕ್ಕವಿಲ್ಲ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟದಲ್ಲಿ ನಮ್ಮ ಸುತ್ತಣ ಹಳ್ಳಿಗಳೆಲ್ಲ ಸಿಕ್ಕುತ್ತವೆ. ದಾನ ಕೊಟ್ಟವರು, ದಾನ ಪಡೆದವರು, ತುರು ಕಾದು ಮಡಿದವರು. ಮಣ್ಣು ಹೊತ್ತವರು ಎಲ್ಲೂ ಇಲ್ಲ. ಪಶ್ಚಿಮ ಬೆಂಗಳೂರಿನಲ್ಲಿ ಈಗ ಹಳ್ಳಿಗಳೇ ಅಷ್ಟಾಗಿ ಉಳಿದಿಲ್ಲ. ರಾಜಾಜಿನಗರದೊಳಗೆ ಕೇತಮಾರನಹಳ್ಳಿ, ವಿಜಯನಗರದೊಳಗೆ ಹೊಸಹಳ್ಳಿ, ಅತ್ತಿಗುಪ್ಪೆ, ಬಸವೇಶ್ವರನಗರದ ಮಗ್ಗುಲಿಗೆ ಸಾಣೆಗುರುವನಹಳ್ಳಿ. ಬಸ್ಸಿನ ನಿಲ್ದಾಣದ ಹೆಸರಾಗಿ, ಒಂದು ಮಾರಮ್ಮನ ಗುಡಿಯಾಗಿ ಉಳಿದಿವೆ. ಗುಡಿಯ ಜಾತ್ರೆಗೆ ಬಂದ ಹಳೆಯ ಒಕ್ಕಲುಗಳನ್ನು ಕೇಳಿದರೆ ಎರಡು ತಲೆಮಾರು ಹೇಳುತ್ತಾರೆ; ಮೂರನೆಯದಕ್ಕೆ ನಗುತ್ತಾರೆ.

2022ರ ಮಾಘಮಾಸದಲ್ಲಿ ನಮ್ಮ ಮನೆಗೆ ಮತ್ತೆ ಹೆಳವರು ಬಂದರು. ಆ ವೃದ್ಧರ ಮೊಮ್ಮಗ. ಎತ್ತಿರಲಿಲ್ಲ, ಕಂಬಳಿಯೂ ಇರಲಿಲ್ಲ. ಕೆಂಗೇರಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ರಾಜಾಜಿನಗರದಲ್ಲಿ ಇಳಿದು ಬಂದಿದ್ದರು. ಹೆಗಲಿನ ಚೀಲದಲ್ಲಿ ರಟ್ಟು ಕಟ್ಟಿದ ದಪ್ಪ ಪುಸ್ತಕಗಳು. ಗಂಟೆ ಮಾತ್ರ ಅಜ್ಜನದೇ. ಅಂದು ನಮ್ಮ ದೊಡ್ಡಪ್ಪನ ಮಗ, ನನಗಿಂತ ಏಳು ವರ್ಷಕ್ಕೆ ಹಿರಿಯರು, ಮನೆಗೆ ಬಂದಿದ್ದರು. ಓದು ತಾತನ ತಂದೆಯವರೆಗೆ ಬಂತು. "ಮಾಗಡಿ ಸೀಮೆಯಿಂದ ಹೆಣ್ಣು ತಂದರು." ನಾನು ತಡೆದು, ನನಗೆ ಗೊತ್ತಿದ್ದುದನ್ನು ಹೇಳಿ, ಅದನ್ನು ಹಾಗೆಯೇ ಬರೆದುಕೊಳ್ಳಬೇಕೆಂದು ಕೇಳಿದೆ.

ಅಣ್ಣನ ಮುಖ ಕೆಂಪಾಯಿತು. "ಧಾರೆ ಎರೆದವರು ತಂದೆತಾಯಿ ತಾನೆ? ಅವರ ಹೆಸರನ್ನು ಅಳಿಸಿ ಯಾರ ಹೆಸರು ಬರೆಸುತ್ತೀಯ? ಹೆಸರಿಲ್ಲದವರ ಹೆಸರನ್ನೇ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಮೊಮ್ಮಗಳಿಗೆ ಗಂಡು ನೋಡುತ್ತಿದ್ದೇವೆ" ಎಂದೂ ಹೇಳಿದರು. ಎರಡನೆಯ ಮಾತಿಗೆ ನನ್ನಲ್ಲಿ ಬೇಕಾದಷ್ಟು ಉತ್ತರವಿತ್ತು. ಮೊದಲನೆಯದಕ್ಕೆ ಇರಲಿಲ್ಲ, ಈಗಲೂ ಪೂರ್ತಿಯಾಗಿ ಇಲ್ಲ. ಮಾಗಡಿಯ ಆ ದಂಪತಿಗಳನ್ನು ಅಳಿಸುವ ಹಕ್ಕು ನನಗೆಲ್ಲಿಯದು? ಆದರೆ ಬುಟ್ಟಿಯ ಪಕ್ಕದಲ್ಲಿ ಸತ್ತ ಆ ಹೆಂಗಸೂ ನಮ್ಮ ಮುತ್ತಜ್ಜಿಯ ತಾಯಿಯೇ ತಾನೆ? ಅವಳು ಎರಡು ದಿನ ಮುಂಚೆ ಸತ್ತಿದ್ದರೆ ಮಗು ಬೇರೆ ಯಾವುದೋ ಮೇಸ್ತ್ರಿಯ ಕಣ್ಣಿಗೆ ಬಿದ್ದು, ಅಥವಾ ಯಾರ ಕಣ್ಣಿಗೂ ಬೀಳದೆ, ಅಣ್ಣನೂ ನಾನೂ ವಾದಮಾಡು‌ವುದಕ್ಕೆ ಇರುತ್ತಲೇ ಇರಲಿಲ್ಲ.

ಹೆಳವರು ನಮ್ಮಿಬ್ಬರ ಮಾತು ಮುಗಿಯುವವರೆಗೂ ಸುಮ್ಮನಿದ್ದರು. ಆಮೇಲೆ ಚೀಲದ ಅಡಿಯಿಂದ ಅಜ್ಜನ ಕಾಲದ ಇನ್ನೊಂದು ಹೊತ್ತಗೆಯನ್ನು ತೆಗೆದು, ಹಾಳೆಗಳನ್ನು ತಿರುವಿ, ಬೆರಳಿಟ್ಟು ತೋರಿಸಿದರು. "ಬರೆಯುವುದೇನೂ ಇಲ್ಲ ಯಜಮಾನರೆ, ಇದ್ದೇ ಇದೆ" ಎಂದರು. ಮಸಿ ಮಾಸಿದ ಮೋಡಿ ಹಿಡಿದ ಅಕ್ಷರ. ಮಾಗಡಿ ಸೀಮೆಯ ಹೆಣ್ಣು ಎಂಬುದರ ಕೆಳಗೆ, ಸಣ್ಣದಾಗಿ, "ಬರದಲ್ಲಿ ಬಂದ ಕೂಸು, ಕಬ್ಬಿಣದ ದಾರಿ" ಎಂದು ಬರೆದಿತ್ತು. "ನಿಮ್ಮ ಅಜ್ಜ ಇದನ್ನು ಯಾಕೆ ಓದಲಿಲ್ಲ?" ಎಂದು ಕೇಳಿದೆ. "ಬರೆಯುವುದು ನಮ್ಮ ಧರ್ಮ, ಸ್ವಾಮಿ. ಓದುವುದು ಮನೆಯವರ ಮುಖ ನೋಡಿಕೊಂಡು. ಎಲ್ಲ ಮನೆಯಲ್ಲೂ ಓದದ ಸಾಲು ಒಂದೆರಡು ಇರುತ್ತವೆ" ಎಂದರು.

ಅಣ್ಣ ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಓದಿದರು. ಏನೂ ಹೇಳಲಿಲ್ಲ. ನಾನು ಹೆಳವರಿಗೆ ಒಂದು ಪಂಚೆ, ಅಕ್ಕಿ, ಹಣ ಕೊಟ್ಟೆ. ನನ್ನ ಮಕ್ಕಳ, ಮೊಮ್ಮಕ್ಕಳ ಹೆಸರುಗಳನ್ನು ಅವರು ಹೊಸ ಪುಸ್ತಕದಲ್ಲಿ ಬರೆದುಕೊಂಡರು. ಅವರು ಮುಂದೆ ಹೋಗಬೇಕಾಗಿದ್ದುದು ಬಸವೇಶ್ವರನಗರದ ಅಣ್ಣನ ಮನೆಗೇ. ಇಬ್ಬರೂ ಒಂದೇ ಆಟೋದಲ್ಲಿ ಹೊರಟರು. ಅಲ್ಲಿ ಸೊಸೆಯಂದಿರ, ಮೊಮ್ಮಕ್ಕಳ ಮುಂದೆ ಪುಸ್ತಕ ಬಿಚ್ಚಿದಾಗ ಯಾವ ಸಾಲನ್ನು ಓದಿದರು, ಯಾವುದನ್ನು ಬಿಟ್ಟರು ಎಂಬುದನ್ನು ನಾನು ಇಂದಿಗೂ ಕೇಳಿಲ್ಲ.